ಒಂದು ಬೆಂಡು, ಎರಡು ಗಾಳ, ಬೋಳು ಚಪ್ಪಲಿ

ಬೆಂಡಿನ ಕೆಳಗೆ ಒಂದೇ ಗಾಳ ಕಟ್ಟುವುದು ಧೈರ್ಯವಿಲ್ಲದವರ ಲಕ್ಷಣ! ಹಾಗೆಂದು ಡೆಲ್ಮರ್ ಜನವರಿಯ ಒಂದು ಬೆಳಿಗ್ಗೆ ಪ್ಯಾನ್‌ಕೇಕಿನ ಮೇಲೆ ಸಿರಪ್ ಸುರಿದುಕೊಳ್ಳುತ್ತಾ ಘೋಷಿಸಿದ. ಸಭೆಯಲ್ಲಿ ಇದ್ದವರು ಇಬ್ಬರೇ. ಹೆಂಡತಿ ವೆಲ್ಡಾ, ಮತ್ತು ಪಿಕಲ್ಸ್ ಎಂಬ ಬೆಕ್ಕು.

"ಈ ಸಲ ಮೇಲೊಂದು ಜಿಗ್, ಕೆಳಗೊಂದು ಜಿಗ್. ಒಂದೇ ಏಟಿಗೆ ಎರಡು ಬೀಳುತ್ತೆ, ನೋಡ್ತಿರು!"

"ಮೊದಲು ಒಂದು ಬೀಳ್ಲಿ ಮಾರಾಯ," ಎಂದಳು ವೆಲ್ಡಾ. "ಹೋದ ವರ್ಷ ನದಿಯಿಂದ ನೀನು ತಂದಿದ್ದು ನೆಗಡಿ ಮಾತ್ರ."

ಡೆಲ್ಮರನಿಗೆ ಆ ಮಾತು ನಾಟಿತು. ಯಾಕೆಂದರೆ ಮುಂದಿನ ಭಾನುವಾರ ಅವನ ಅತ್ತೆ ಇಂಗಾಳ ಹುಟ್ಟುಹಬ್ಬ. ಆ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ. ಹುಟ್ಟುಹಬ್ಬದ ಊಟಕ್ಕೆ ಸ್ಟೀಲ್‌ಹೆಡ್ ಮೀನು ಹಿಡಿದು ತಂದವರು ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ಕೂರಬೇಕು, ಉದ್ದನೆಯ ಚೂರಿಯಿಂದ ಕತ್ತರಿಸಿ ಎಲ್ಲರಿಗೂ ಬಡಿಸಬೇಕು. ಡೆಲ್ಮರ್ ಆ ಮನೆಯ ಅಳಿಯನಾದಾಗಿನಿಂದ ಆ ಕುರ್ಚಿ ಅವನ ಷಡ್ಡಕ ಓರಿನನ ಆಸ್ತಿ. ಡೆಲ್ಮರನ ಪಾಲಿಗೆ ಬಂದದ್ದು ಆಲೂಗಡ್ಡೆ ಸಲಾಡಿನ ಬೋಗುಣಿ ಹೊರುವ ಕೆಲಸ. ಆ ಬೋಗುಣಿ ಹೊತ್ತು ಹೊತ್ತು ಅವನ ಆತ್ಮಗೌರವ ಗೂನಾಗಿತ್ತು!

ಜಿಗ್ ಅಂದರೆ ದೊಡ್ಡ ವಸ್ತುವೇನಲ್ಲ. ಗಾಳಕ್ಕೆ ಸೀಸದ ಒಂದು ಪುಟ್ಟ ತಲೆ, ಹಿಂದೆ ಪುಕ್ಕದ ಲಂಗ. ನೀರಿನಲ್ಲಿ ಆ ಲಂಗ ಉಸಿರಾಡಿದ ಹಾಗೆ ಅರಳಿ ಮುದುಡುತ್ತದೆ. ತೂಕದ್ದು ಮೇಲೆ, ಅದರಿಂದ ಎರಡು ಗೇಣು ಕೆಳಗೆ ಹಗುರದ್ದು. ಡೆಲ್ಮರ್ ಎಲ್ಲವನ್ನೂ ಅಳೆದು ತೂಗಿ ಸಿದ್ಧಮಾಡಿದ. ಪುಕ್ಕದ ಡಬ್ಬಿ ತೆರೆದರೆ, ಗುಲಾಬಿ ಪುಕ್ಕವನ್ನೆಲ್ಲ ನುಸಿ ತಿಂದು ಪುಡಿ ಮಾಡಿತ್ತು! ಚಳಿಗಾಲದ ಸ್ಟೀಲ್‌ಹೆಡ್ಡಿಗೆ ಗುಲಾಬಿಯೇ ಆಗಬೇಕು, ಬೇರೆ ಬಣ್ಣವನ್ನು ಅದು ಮೂಸಿಯೂ ನೋಡುವುದಿಲ್ಲ ಎಂಬುದು ಅವನ ಸಿದ್ಧಾಂತ.

ವೆಲ್ಡಾ ಚರ್ಚಿಗೆ ಹಾಡು ಕಲಿಯಲು ಹೋಗಿದ್ದಳು. ಮಂಚದ ಕೆಳಗೆ ಅವಳ ಮನೆಚಪ್ಪಲಿಗಳಿದ್ದವು. ಕ್ರಿಸ್ಮಸ್ಸಿಗೆ ಇಂಗಾ ಕೊಟ್ಟ ಉಡುಗೊರೆ. ಎರಡರ ಮೇಲೂ ಗುಲಾಬಿ ಬಣ್ಣದ ಪುಕ್ಕದ ದಪ್ಪ ಕುಚ್ಚು!

ಎಡಗಾಲಿನದರಿಂದ ಕಾಣದ ಹಾಗೆ ಒಂದು ಚಿಟಿಕೆ ಕಿತ್ತ. ಕಂಡಿತು. ಸರಿಮಾಡಲು ಬಲಗಾಲಿನದರಿಂದಲೂ ಒಂದು ಚಿಟಿಕೆ ಕಿತ್ತ. ಈಗ ಎಡದ್ದು ದಪ್ಪ ಎನಿಸಿತು. ಎಡದ್ದನ್ನು ಇಳಿಸಿದ, ಬಲದ್ದು ಉಬ್ಬಿತು. ನ್ಯಾಯ ಒದಗಿಸುವ ಭರದಲ್ಲಿ ಕೊನೆಗೆ ಎರಡೂ ಚಪ್ಪಲಿ ಸರಿಸಮಾನವಾಗಿ ಬೋಳಾದವು. ಎಡಗಾಲಿನ ಪುಕ್ಕದಿಂದ ಮೇಲಿನ ಜಿಗ್, ಬಲಗಾಲಿನದರಿಂದ ಕೆಳಗಿನ ಜಿಗ್. ಎಂಥ ಸೊಗಸು!

ಸಂಜೆ ವೆಲ್ಡಾ ಕಿರುಚಿದಳು. "ನೋಡೋ ಡೆಲ್ಮರ್, ಈ ದರಿದ್ರ ಬೆಕ್ಕು ಏನ್ ಮಾಡಿದೆ!"

"ಛೆ ಛೆ, ಎಂಥಾ ಬೆಕ್ಕು!" ಎಂದ ಡೆಲ್ಮರ್. ಪಿಕಲ್ಸ್‌ಗೆ ಹೊರಗಿನ ಜಗಲಿಗೆ ಗಡೀಪಾರಾಯಿತು. ಕಿಟಕಿಯ ಗಾಜಿನಾಚೆಯಿಂದ ಅದು ಡೆಲ್ಮರನನ್ನೇ ನೋಡುತ್ತಾ ಕೂತಿತು. ಡೆಲ್ಮರ್ ಕುರ್ಚಿಯನ್ನು ಆ ಕಡೆಗೆ ಬೆನ್ನಾಗುವಂತೆ ತಿರುಗಿಸಿಕೊಂಡ.

ಶನಿವಾರ ನೆಸ್ಟಕ್ಕ ನದಿ ಮಳೆಯ ಕೆಂಪು ಕಳೆದು ತಿಳಿಹಸಿರಿಗೆ ಬಂದಿತ್ತು. ವೆಲ್ಡಾ ಮಡಚು ಕುರ್ಚಿ, ಕಾಫಿ, ಹೆಣಿಗೆ, ಉದ್ದ ಹಿಡಿಯ ಬಲೆ ಎಲ್ಲ ತಂದು ದಡದಲ್ಲಿ ಕೂತಳು. ಆಚೆ ದಡದಲ್ಲಿ ಯಾರು? ಓರಿನ್! ಎಂದಿನಂತೆ ಒಂದೇ ಗಾಳ, ಅದಕ್ಕೆ ಮೀನಿನ ಮೊಟ್ಟೆ.

"ಏನೋ ಡೆಲ್ಮರ್, ಒಂದು ದಾರಕ್ಕೆ ಇಡೀ ಅಂಗಡಿ ಕಟ್ಟಿದ್ದೀಯಂತೆ?"

"ನೀನು ನಾಳೆ ಸಲಾಡ್ ಹೊರೋಕೆ ರೆಡಿಯಾಗಪ್ಪ!" ಎಂದು ಡೆಲ್ಮರ್ ಮೊಣಕಾಲುದ್ದ ನೀರಿಗಿಳಿದು ಗಾಳದ ಕೋಲು ಬೀಸಿದ. ಎರಡು ಜಿಗ್ ಒಂದಕ್ಕೊಂದು ತಬ್ಬಿಕೊಂಡು ಆಲ್ಡರ್ ಮರದ ಕೊಂಬೆಗೆ ಹೋದವು. ಬಿಡಿಸಿ ಮತ್ತೆ ಬೀಸಿದ. ಅವನ ಟೋಪಿ ನದಿಗೆ ಹೋಯಿತು. ಓರಿನ್ ಶಿಳ್ಳೆ ಹಾಕಿದ. ಮೂರನೆಯ ಸಲ ಬೆಂಡು ಮದುಮಗನಂತೆ ನೆಟ್ಟಗೆ ನಿಂತು ತೇಲಿ ಬಂತು, ಬಂಡೆಯ ಪಕ್ಕ ಬಂದದ್ದೇ ಗುಳುಂ!

ಡೆಲ್ಮರ್ ಎಳೆದ. ನದಿ ಬಾಯಿ ತೆರೆದು ಬೆಳ್ಳಿಯನ್ನು ಉಗುಳಿತು! ಮೀನು ಮೇಲಕ್ಕೆ ಹಾರಿತು, ಕೆಳಕ್ಕೆ ಓಡಿತು, ಸುತ್ತಿತು. ಕೊನೆಗೆ ಸೋತು ಅವನ ಮೊಣಕಾಲಿನ ಹತ್ತಿರಕ್ಕೆ ಬಂತು. ಕೆಳಗಿನ ಜಿಗ್ ಅದರ ಬಾಯಲ್ಲಿ. ಈಗ ನೋಡಬೇಕಾದದ್ದು ಒಂದೇ. ಬಾಲದ ಹತ್ತಿರ, ಬೆನ್ನ ಮೇಲಿನ ಪುಟ್ಟ ರೆಕ್ಕೆ. ಅದು ಇದ್ದರೆ ಕಾಡುಮೀನು, ಕಾನೂನು ಪ್ರಕಾರ ನದಿಗೇ ಬಿಡಬೇಕು. ಮರಿಯಿದ್ದಾಗಲೇ ಮೀನು ಸಾಕಣೆಯವರು ಅದನ್ನು ಕತ್ತರಿಸಿ ನದಿಗೆ ಬಿಟ್ಟಿದ್ದರೆ ಸಾಕುಮೀನು, ಮನೆಗೆ ಒಯ್ಯಬಹುದು.

ಡೆಲ್ಮರ್ ಮೂಗು ನೀರಿಗೆ ತಾಗುವಷ್ಟು ಬಗ್ಗಿದ. "ರೆಕ್ಕೆ ಇಲ್ಲ! ವೆಲ್ಡಾ, ರೆಕ್ಕೆ ಇಲ್ಲ ಕಣೇ! ಕುರ್ಚಿ ನಂದೇ!"

ಆ ಕೂಗಿಗೆ ಮೀನು ಬೆದರಿ ತಲೆ ಕೊಡವಿತು. ಖಾಲಿಯಿದ್ದ ಮೇಲಿನ ಜಿಗ್ ಹಾರಿ ಬಂದು ಅವನ ರಬ್ಬರ್ ಪ್ಯಾಂಟಿನ ಹೆಗಲಪಟ್ಟಿಗೆ ಕಚ್ಚಿಕೊಂಡಿತು, ಸರಿಯಾಗಿ ಎದೆಯ ಮೇಲೆ. ಈಗ ಒಂದು ತುದಿಗೆ ಮೀನು, ಎರಡು ಗೇಣು ಈಚೆಗೆ ಡೆಲ್ಮರ್! ನೆಟ್ಟಗೆ ನಿಂತರೆ ದಾರ ಹರಿಯುತ್ತದೆ, ಕುರ್ಚಿ ಹೋಗುತ್ತದೆ. ಹಾಗಾಗಿ ನಮಸ್ಕಾರ ಮಾಡುವವನ ಹಾಗೆ ಬಗ್ಗಿಕೊಂಡೇ ಮೀನು ಕರೆದ ಕಡೆಗೆಲ್ಲ ಹೊರಟ. ಮೀನು ಅವನನ್ನು ವಾಕಿಂಗ್ ಮಾಡಿಸಿತು!

"ಅಲ್ಲಿ ಯಾರು ಯಾರನ್ನ ಹಿಡಿದಿದ್ದಾರಪ್ಪಾ?" ಓರಿನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ವೆಲ್ಡಾ! ಬಲೆ! ಬೇಗ!"

ವೆಲ್ಡಾ ಬಲೆ ಹಿಡಿದು ನೀರಿಗಿಳಿದಳು. ಹತ್ತಿರ ಬಂದವಳು ಹಾಗೇ ನಿಂತಳು. ಅವನ ಎದೆಯನ್ನೇ ದಿಟ್ಟಿಸಿದಳು.

"ಆ ಪುಕ್ಕ ಎಲ್ಲಿಂದ ಬಂತು?"

"ಯಾವ ಪುಕ್ಕ? ಅಯ್ಯೋ, ಮೀನು ಹೋಗುತ್ತೆ ಕಣೇ!"

"ಹೋಗ್ಲಿ. ಎಲ್ಲಿಂದ ಬಂತು?"

"ಅದು... ಅಂಗಡಿ..."

ವೆಲ್ಡಾ ಬಲೆಯನ್ನು ಬೆನ್ನ ಹಿಂದೆ ಹಿಡಿದಳು. ಮೀನು ಇನ್ನೊಂದು ಸುತ್ತು ಹೊರಟಿತು, ಡೆಲ್ಮರನೂ ಹೊರಟ. ನೀರು ಪ್ಯಾಂಟಿನೊಳಗೆ ಇಳಿಯಿತು.

"ನಿನ್ನ ಚಪ್ಪಲಿದು! ನಾನೇ ಕಿತ್ತಿದ್ದು! ಎಡಗಾಲಿಂದು ಇದು, ಬಲಗಾಲಿಂದು ಮೀನಿನ ಬಾಯಲ್ಲಿದೆ! ಬಲೆ ಹಾಕೇ ತಾಯಿ!"

"ಪಾಪ, ಆ ಬೆಕ್ಕು ಚಳೀಲಿ ನಡುಗ್ತಿದೆಯಲ್ಲೋ, ಪಾಪಿ!"

"ಬೆಕ್ಕಿಗೂ ಕ್ಷಮೆ ಕೇಳ್ತೀನಿ!"

ಆಮೇಲೆಯೇ ಬಲೆ ಬಂದದ್ದು. ವೆಲ್ಡಾ ಒಂದೇ ಸಲಕ್ಕೆ ಬಾಚಿ ಎತ್ತಿ ದಡಕ್ಕೆ ಎಳೆದಳು. ಬಲೆಯೊಳಗೆ ಮೀನು, ಬಲೆಯ ಅಂಚಿಗೆ ಗಲ್ಲ ಊರಿಕೊಂಡು ಡೆಲ್ಮರ್.

ಭಾನುವಾರ ಅವನು ಅತ್ತೆಯ ಮನೆಗೆ ನಡೆದುಹೋದ ಗತ್ತನ್ನು ನೋಡಬೇಕಿತ್ತು! ತಟ್ಟೆಯಲ್ಲಿ ಬೆಂದ ಮೀನು, ಅಂಗಿಯ ಜೇಬಿಗೆ ಪದಕದಂತೆ ಸಿಕ್ಕಿಸಿಕೊಂಡ ಗುಲಾಬಿ ಜಿಗ್. ಸಲಾಡಿನ ಬೋಗುಣಿ ಓರಿನನ ಕೈಯಲ್ಲಿ! ಡೆಲ್ಮರ್ ದೊಡ್ಡ ಕುರ್ಚಿಯನ್ನು ಹಿಂದಕ್ಕೆ ಎಳೆದ.

ಬಾಗಿಲಲ್ಲಿ ಕೆಸರಿನ ಬೂಟು ಬಿಚ್ಚಿ ವೆಲ್ಡಾ ಚೀಲದಲ್ಲಿ ತಂದಿದ್ದ ಮನೆಚಪ್ಪಲಿ ಮೆಟ್ಟಿ ಬಂದಳು. ಇಂಗಾ ಕನ್ನಡಕ ಸರಿಸಿದಳು. "ಏನೇ ಅದು, ಸುಲಿದ ಕೋಳಿ ಹಾಗಿದೆ?" ಅವಳ ಕಣ್ಣು ಚಪ್ಪಲಿಯಿಂದ ಎದ್ದು ಮೆಲ್ಲಗೆ ಅಳಿಯನ ಜೇಬಿಗೆ ಬಂದು ನಿಂತಿತು. "ಓಹೋ!"

ಓರಿನ್ ಇದಕ್ಕೇ ಕಾದಿದ್ದವನಂತೆ ಬೋಗುಣಿ ಕೆಳಗಿಟ್ಟು ಇಡೀ ಕಥೆ ಅಭಿನಯಿಸಿ ತೋರಿಸಿದ. ಬಗ್ಗಿ ನಡೆದದ್ದನ್ನು ಎರಡೆರಡು ಸಲ ತೋರಿಸಿದ.

"ಅದೆಲ್ಲ ಇರಲಿ," ಎಂದಳು ಇಂಗಾ. "ದಡಕ್ಕೆ ಹಿಡಿದು ತಂದವರು ಯಾರು?"

"ನಾನಮ್ಮ," ಎಂದಳು ವೆಲ್ಡಾ. "ಒಂದೇ ಬಲೆಗೆ ಎರಡು! ಕೆಳಗಿನ ಗಾಳದಲ್ಲಿದ್ದದ್ದಕ್ಕೆ ರೆಕ್ಕೆ ಕತ್ತರಿಸಿತ್ತು, ಮನೆಗೆ ತಂದೆ. ಮೇಲಿನ ಗಾಳದಲ್ಲಿದ್ದದ್ದಕ್ಕೆ ಇವತ್ತಿನವರೆಗೂ ಯಾರೂ ರೆಕ್ಕೆ ಕತ್ತರಿಸಿಲ್ಲ. ನದಿಗೆ ಬಿಡಬೇಕಾಗಿತ್ತು."

"ಮತ್ಯಾಕೇ ಬಿಡಲಿಲ್ಲ?"

"ಬಿಟ್ಟೆ ಅಮ್ಮ. ಅದೇ ಹಿಂದೆ ಬಂತು!"

ದೊಡ್ಡ ಕುರ್ಚಿಯೂ ಉದ್ದನೆಯ ಚೂರಿಯೂ ವೆಲ್ಡಾಳ ಪಾಲಾದವು. ಮೊದಲ ತುಂಡನ್ನು ಅವಳು ಪಿಕಲ್ಸ್‌ಗೆಂದು ಕಟ್ಟಿಟ್ಟಳು. ಡೆಲ್ಮರ್ ಬೋಗುಣಿಯ ಪಕ್ಕದ ಹಳೆಯ ಜಾಗದಲ್ಲೇ ಕೂತ. ಆದರೂ ಎದೆ ಮಾತ್ರ ಇಳಿಯಲಿಲ್ಲ. ಜೇಬಿನ ಪುಕ್ಕ ನೇವರಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ: "ಏನೇ ಅನ್ನಿ, ಎರಡು ಗಾಳ ಕಟ್ಟಿದರೆ ಎರಡು ಬೀಳುತ್ತೆ ಅಂತ ನಾನು ಮೊದಲೇ ಹೇಳಿರಲಿಲ್ವಾ?"

"ಹೇಳಿದ್ದೆ ಕಣಪ್ಪ," ಎಂದಳು ಇಂಗಾ. "ಆ ಸಲಾಡ್ ಸ್ವಲ್ಪ ಈ ಕಡೆ ಕಳಿಸು."