ಶೇರಾನ ಮೇಲೆ ಹತ್ತು ದಿನದ ನಿಗಾ

ದೇವಿಕಾಳ ತಲೆಯೊಳಗೆ ಒಂದು ನಾಯಿ ಹೊಕ್ಕು ಕುಳಿತಿತ್ತು. ಕುಕ್ಕರ್ ಸೀಟಿ ಹೊಡೆದರೆ ಅದರ ಊಳು ಕೇಳುತ್ತಿತ್ತು, ಬಟ್ಟೆ ಒಗೆಯಲು ಕುಳಿತರೆ ಸಾಬೂನಿನ ನೊರೆಯಲ್ಲಿ ಅದರ ಜೊಲ್ಲು ಕಾಣುತ್ತಿತ್ತು.

ನಡೆದದ್ದು ಇಷ್ಟೇ. ಎರಡೂವರೆ ವರ್ಷದ ಮಗಳು ಭಾಗ್ಯ ಅಂಗಳದ ಬಾಗಿಲಲ್ಲಿ ನಿಂತು ಓಣಿಯ ಕೆಂಪು ನಾಯಿಗೆ ಬಿಸ್ಕೀಟು ತೋರಿಸುತ್ತಿದ್ದಳು. ಕೊಡುವಂತೆ ಕೈ ಚಾಚುವುದು, ನಾಯಿ ಬಾಯಿ ತೆರೆದಾಗ ಹಿಂದಕ್ಕೆ ಎಳೆದುಕೊಳ್ಳುವುದು. ಮೂರನೆಯ ಸಲಕ್ಕೆ ನಾಯಿಗೆ ಈ ಆಟ ಸಾಕಾಗಿ, ಬಿಸ್ಕೀಟಿನ ಜೊತೆಗೆ ಬೆರಳಿಗೂ ಬಾಯಿ ಹಾಕಿತು. ಹಲ್ಲು ತಾಗಿ ಎರಡು ಕೆಂಪು ಗೆರೆ ಮೂಡಿದವು. ಭಾಗ್ಯ ಅರ್ಧ ನಿಮಿಷ ಅತ್ತು, ಇನ್ನೊಂದು ಬಿಸ್ಕೀಟು ಕೇಳಿದಳು. ಅವಳ ಪಾಲಿನ ಕಥೆ ಅಲ್ಲಿಗೆ ಮುಗಿಯಿತು. ತಾಯಿಯ ಪಾಲಿನದು ಅಲ್ಲಿಂದ ಶುರುವಾಯಿತು.

ದೇವಿಕಾ ಕಲಬುರಗಿಯಲ್ಲಿ ಇಂಗ್ಲಿಷ್ ಮೀಡಿಯಂ ಕಲಿತು ಶಹಾಬಾದಿಗೆ ಸೊಸೆಯಾಗಿ ಬಂದವಳು. ಹೆದರಿಕೆಯಲ್ಲೂ ಅವಳದು ಫಸ್ಟ್ ಕ್ಲಾಸೇ. ಅತ್ತೆ ಸೂಗಮ್ಮ ಗಾಯಕ್ಕೆ ತುಂಬಲು ಖಾರಪುಡಿಯ ಡಬ್ಬಿ ಹಿಡಿದು ಬರುವಷ್ಟರಲ್ಲಿ ಸೊಸೆ ಮಗುವಿನ ಕೈಯನ್ನು ನಳದ ಕೆಳಗೆ ಹಿಡಿದು, ಸಾಬೂನು ಹಚ್ಚಿ, ಮೊಬೈಲಿನಲ್ಲಿ ಹದಿನೈದು ನಿಮಿಷ ಎಣಿಸುತ್ತ ತೊಳೆಯುತ್ತಿದ್ದಳು. ಖಾರಪುಡಿ ಬಂದ ದಾರಿಯಲ್ಲೇ ಅಡುಗೆಮನೆಗೆ ಮರಳಿತು. ಅದೇ ತಾಸಿನಲ್ಲಿ ಸರ್ಕಾರಿ ದವಾಖಾನೆಯಲ್ಲಿ ಮಗುವಿಗೆ ಮೊದಲನೆಯ ಸೂಜಿಯಾಯಿತು. ಅಲ್ಲಿಂದ ಸೀದಾ ದನದ ದವಾಖಾನೆ.

ಅಲ್ಲಿನ ಡಾಕ್ಟರು ಲುಂಬಿನಿ ಮೇಡಂ ಒಂದು ಎಮ್ಮೆಯ ಬಾಯಿ ನೋಡುತ್ತಿದ್ದವರು ಕೈ ತೊಳೆದುಕೊಂಡು ಬಂದು, ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಗಾಯ ತೊಳದೀರಿ, ಸೂಜಿ ಶುರು ಮಾಡೀರಿ, ಭಾಳ ಚೊಲೋ ಮಾಡೀರಿ. ಸೂಜಿ ಮಾತ್ರ ಪೂರಾ ಮಾಡಸ್ರಿ, ನಡುವ ಬಿಡಬ್ಯಾಡ್ರಿ. ಇನ್ನ ಆ ನಾಯಿ ಮ್ಯಾಲ ಹತ್ತು ದಿನ ನಿಗಾ ಇರ್ಲಿ. ದೂರದಿಂದ ನೋಡ್ರಿ, ಮುಟ್ಟಲಿಕ್ಕ ಹೋಗಬ್ಯಾಡ್ರಿ. ಹತ್ತು ದಿನ ಅದು ಆರಾಮ ಇತ್ತಂದ್ರ ಚಿಂತಿ ಇಲ್ಲ."

ಜೊತೆಗೆ ಒಂದು ಕರಪತ್ರ ಕೊಟ್ಟರು. ಹುಚ್ಚು ಹಿಡಿಯುವ ನಾಯಿ ಊಟ ಬಿಡುತ್ತದೆ, ಕತ್ತಲ ಮೂಲೆ ಹುಡುಕುತ್ತದೆ, ಜೊಲ್ಲು ಸುರಿಸುತ್ತದೆ, ಹತ್ತಿರ ಹೋದರೆ ಗುರುಗುಟ್ಟುತ್ತದೆ, ದಿನದ ರೂಢಿಯನ್ನೇ ಬದಲಿಸುತ್ತದೆ ಎಂದು ಅದರಲ್ಲಿತ್ತು. ದೇವಿಕಾ ಅದನ್ನು ಆಟೋದಲ್ಲಿ ಬರುವಾಗಲೇ ಬಾಯಿಪಾಠ ಮಾಡಿದಳು. ಮನೆಗೆ ಬಂದವಳೇ ಗಂಡ ಶರಣಕುಮಾರನ ಮುಂದೆ ಘೋಷಿಸಿದಳು: ಹತ್ತು ದಿನ ಆ ನಾಯಿ ತನ್ನ ಕಣ್ಣು ತಪ್ಪಿಸಿ ಒಂದು ಆಕಳಿಕೆ ಸಹ ತೆಗೆಯಲಾರದು.

ತೊಡಕು ಏನೆಂದರೆ, ಅದು ಯಾರ ಮನೆಯ ನಾಯಿಯೂ ಆಗಿರಲಿಲ್ಲ. ಬೆಳಿಗ್ಗೆ ಸ್ಟೇಷನ್ನಿನ ಚಹಾದಂಗಡಿ, ಹತ್ತು ಗಂಟೆಗೆ ಮಟನ್ ಅಂಗಡಿ, ಮಧ್ಯಾಹ್ನ ಫರ್ಸಿ ಕಲ್ಲು ಕೊಯ್ಯುವ ಶೆಡ್ಡಿನ ನೆರಳು, ಸಂಜೆ ಪಕ್ಕದ ಮನೆಯ ಅನಸುಬಾಯಿಯ ರೊಟ್ಟಿ. ತಹಸೀಲ್ದಾರರಿಗೂ ಇಷ್ಟು ಓಡಾಟವಿರಲಿಕ್ಕಿಲ್ಲ. ಎರಡು ದಿನ ದೇವಿಕಾ ಕಂಕುಳಲ್ಲಿ ಮಗು, ಕೈಯಲ್ಲಿ ಛತ್ರಿ ಹಿಡಿದು, ಹತ್ತು ಹೆಜ್ಜೆ ಹಿಂದೆ ಅದೇ ಸುತ್ತಾಟ ಮಾಡಿದಳು. ಚಹಾದಂಗಡಿಯವನು ಇದೇನು ಹರಕೆಯೆಂದು ಕೇಳಿದ. ಮಟನ್ ಅಂಗಡಿಯವನು ಏನನ್ನೂ ಕೇಳದೆ ಕುರ್ಚಿ ಹಾಕಿಕೊಟ್ಟ. ನಾಯಿ ಮಾತ್ರ ಆಗಾಗ ನಿಂತು ತಿರುಗಿ ನೋಡುತ್ತಿತ್ತು, ಈಕೆಗೆ ದಾರಿ ತಪ್ಪಿದೆಯೇನೋ ಎಂಬಂತೆ.

ಮೂರನೆಯ ದಿನ ಅವಳು ಉಪಾಯ ಬದಲಿಸಿದಳು. ಬೇಯಿಸಿದ ತತ್ತಿ, ಹಾಲು, ಮಟನ್ನಿನ ಚೂರುಗಳನ್ನು ತಟ್ಟೆಗೆ ಹಾಕಿ, ಜೇಡರ ಬಲೆ ತೆಗೆಯುವ ಉದ್ದ ಕೋಲಿನಿಂದ ಅಂಗಳದ ಹಾಳು ಕೊಟ್ಟಿಗೆಯೊಳಕ್ಕೆ ತಳ್ಳಿದಳು. ನಾಯಿ ತಿಂದಿತು, ತಟ್ಟೆ ನೆಕ್ಕಿತು, ಕೊಟ್ಟಿಗೆಯ ನಾಲ್ಕೂ ಮೂಲೆ ಮೂಸಿ ನೋಡಿತು, ಅಲ್ಲೇ ಉಳಿದುಬಿಟ್ಟಿತು. ಅದಕ್ಕೆ ಶೇರಾ ಎಂಬ ಹೆಸರೂ ಬಿತ್ತು. ದೇವಿಕಾ ಅಡುಗೆಮನೆಯ ಕಿಟಕಿಯ ಜಾಳಿಗೆಯ ಹಿಂದೆ ಕುಳಿತು, ನೂರು ಪುಟದ ನೋಟುಬುಕ್ಕು ತೆರೆದಳು. "7.10: ನೀರು ಕುಡಿದ. 7.25: ಕಿವಿ ಕೆರೆದುಕೊಂಡ, ಎಡ. 7.26: ಮತ್ತೆ ಎಡ."

ಬರೆದದ್ದನ್ನೆಲ್ಲ ದವಾಖಾನೆಗೆ ಫೋನಿನಲ್ಲಿ ಓದಿ ಹೇಳುವುದೂ ನಡೆದಿತ್ತು. ಫೋನು ಎತ್ತುತ್ತಿದ್ದವರು ಕಂಪೌಂಡರ್ ಗುರುಲಿಂಗಯ್ಯ. ನಾಯಿ ಒಂದೇ ಸಮನೆ ಆಕಳಿಸುತ್ತಿದೆ, ಇದು ಯಾವುದರ ಲಕ್ಷಣ ಎಂದು ಆಕೆ ನಡುಗುತ್ತ ಕೇಳಿದಾಗ, ಅವರು ಬಹಳ ಗೌರವದಿಂದ ಹೇಳಿದರು:

"ಅಕ್ಕೋರೆ, ಅದಕ್ಕ ನಿದ್ದಿ ಬಂದದ."

ನಾಲ್ಕನೆಯ ದಿನ ಸಂಜೆ ಶರಣಕುಮಾರ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ. ಅವನು ರಾವೂರಿನ ಹೈಸ್ಕೂಲಿನಲ್ಲಿ ಮಾಸ್ತರ.

"ನೋಡು ದೇವಿಕಾ, ಇವತ್ತ ಚಹಾದ ಅಂಗಡ್ಯಾಗ ಎಲ್ಲರ ಮುಂದ ಗುರುಲಿಂಗಯ್ಯನವರು ನನಗ ಕೇಳಿದ್ರು, ಸರ, ನಿಮ್ಮ ನಾಯಿ ಇವತ್ತ ಎಷ್ಟ ಸಲ ಸೀನ್ತು ಅಂತ. ನಾ ಗಣಿತ ಹೇಳೋ ಮನಷಾ. ಲೆಕ್ಕ ಗೊತ್ತಿಲ್ಲ ಅಂತ ಹೆಂಗ ಹೇಳಲಿ?"

"ಏಳು ಸಲ ರೀ," ಎಂದಳು ದೇವಿಕಾ, ಪುಸ್ತಕ ನೋಡಿ.

ಅಂದು ಗಂಡ ಆಣೆ ಹಾಕಿಸಿದ. ಹತ್ತನೆಯ ದಿನದ ತನಕ ದವಾಖಾನೆಗೆ ಫೋನಿಲ್ಲ. ಮಾಡಿದರೆ ತವರುಮನೆಯಿಂದ ಬಂದ ಉಪ್ಪಿನಕಾಯಿಯ ಭರಣಿಯನ್ನು ವರ್ಷಪೂರ್ತಿ ಮುಟ್ಟುವಂತಿಲ್ಲ. ಅವಳು ಎದೆಯುಬ್ಬಿಸಿ ಒಪ್ಪಿದಳು. ಇಷ್ಟು ನೋಡಿ ಬರೆದ ಮೇಲೆ ಡಾಕ್ಟರಿಗಿಂತ ತನಗೇನು ಕಡಿಮೆ ಗೊತ್ತು?

ಶೇರಾ ದಿನದಿನಕ್ಕೆ ತುಂಬಿಕೊಂಡಿತು. ಆರನೆಯ ದಿನ ಸೂಗಮ್ಮ ಕಿಟಕಿಯ ಹತ್ತಿರ ಬಂದು, ಸ್ವಲ್ಪ ಹೊತ್ತು ನಿಂತು, "ಯವ್ವಾ, ಅದರ ಹೊಟ್ಟಿ ನೋಡೀಯಿಲ್ಲ?" ಎಂದು ಮೆಲ್ಲಗೆ ಕೇಳಿದಳು. ತಾನು ಹಾಲು ತತ್ತಿ ದಂಡ ಮಾಡುತ್ತಿರುವುದಕ್ಕೆ ಅತ್ತೆಯ ಚುಚ್ಚುಮಾತಿದು ಎಂದು ಸೊಸೆ ತಿಳಿದಳು. ನಾಯಿಗೆ ಪೌಷ್ಟಿಕ ಆಹಾರ ಏಕೆ ಬೇಕೆಂದು ಕಾಲು ತಾಸು ವಿವರಿಸಿದಳು. ಸೂಗಮ್ಮ ಪೂರ್ತಿ ಕೇಳಿ, ಓದಿದವಳಿಗೆ ತಾನೇನು ಹೇಳುವುದೆಂದು ಒಳಗೆ ಹೋದಳು. ಮರುದಿನ ಅನಸುಬಾಯಿ ಒಂದು ಬಟ್ಟಲು ಬೆಲ್ಲದ ಗಂಜಿ ತಂದು ಕೊಟ್ಟಿಗೆಯ ಮುಂದಿಟ್ಟು ಹೋದಳು. ಅಂದೇ ಭಾಗ್ಯಳಿಗೆ ಮೂರನೆಯ ಸೂಜಿ. ಓಣಿಯವರಿಗೆಲ್ಲ ತನ್ನ ಮಗುವಿನ ಮೇಲೆ ಎಷ್ಟೊಂದು ಕಾಳಜಿಯೆಂದು ದೇವಿಕಾಳ ಕಣ್ಣು ತುಂಬಿ ಬಂದವು.

ಒಂಬತ್ತನೆಯ ದಿನ ಸೂಗಮ್ಮ ಬೆಳಗಿನ ಬಸ್ಸಿಗೇ ತೆಂಗಳಿಯ ಬೀಗರ ಮನೆಗೆ ಹೋದಳು. ಶರಣಕುಮಾರ ಶಾಲೆಗೆ ಹೋದ. ದೇವಿಕಾ ತತ್ತಿಯ ತಟ್ಟೆ ತಳ್ಳಿದಳು.

ಶೇರಾ ಮೂಸಿ ನೋಡಿ ಮುಖ ತಿರುಗಿಸಿತು.

ಹಾಲಿಟ್ಟಳು. ಅದನ್ನೂ ಮುಟ್ಟಲಿಲ್ಲ. ಎದ್ದು ತೊಗರಿ ಹೊಟ್ಟಿನ ಚೀಲಗಳ ಹಿಂದೆ, ಬಿಸಿಲೇ ತಾಗದ ಮೂಲೆಗೆ ಸರಿದು ಹೋಯಿತು. ಅಲ್ಲಿ ನೆಲ ಕೆರೆಯಿತು, ಸುತ್ತು ಹಾಕಿತು, ಮತ್ತೆ ಕೆರೆಯಿತು. ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಿತ್ತು, ಜೊಲ್ಲು ಇಳಿಯುತ್ತಿತ್ತು. ದೇವಿಕಾ ಬಾಗಿಲಿನಿಂದ ಇಣುಕಿದಳು. ಆರು ದಿನ ಅವಳ ಉಪ್ಪುಂಡ ಶೇರಾ ಹಲ್ಲು ತೋರಿಸಿ ಗುರ್ ಎಂದಿತು.

ಕರಪತ್ರದ ಐದಕ್ಕೆ ಐದೂ ಲಕ್ಷಣ.

ಕೊಟ್ಟಿಗೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು. ಚಿಲಕಕ್ಕೆ ಕೋಲು ಸಿಕ್ಕಿಸಿದಳು. ಕೋಲಿಗೆ ಒರಳುಕಲ್ಲು ಆನಿಸಿಟ್ಟಳು. ಮಗಳನ್ನು ಎತ್ತಿಕೊಂಡು ಮಾಳಿಗೆ ಹತ್ತಿ, ಆ ಪುಟ್ಟ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗೆರೆಗಳು ಮಾಯ್ದು ಕಾಣದಂತಾಗಿದ್ದವು. ಕಾಣದ್ದರಿಂದಲೇ ಇನ್ನಷ್ಟು ಹೆದರಿಕೆಯಾಯಿತು. ಗಂಡನಿಗೆ ಆರು ಸಲ ಫೋನ್ ಮಾಡಿದಳು. ಅವನು ತರಗತಿಯಲ್ಲಿದ್ದ, ಎತ್ತಲಿಲ್ಲ. ಉಪ್ಪಿನಕಾಯಿಯ ಭರಣಿ ಕಣ್ಣಮುಂದೆ ಬಂತು. ಕೆಂಪು ಎಣ್ಣೆ, ಎಳೆಯ ಮಾವಿನ ಹೋಳು. ಮಗಳಿಗಿಂತ ಮಾವಿನ ಹೋಳು ಹೆಚ್ಚೇ? ದೇವಿಕಾ ನಂಬರು ಒತ್ತಿದಳು.

ಅವಳ ದನಿ ಕೇಳಿದವರೇ ಗುರುಲಿಂಗಯ್ಯ ಫೋನನ್ನು ಡಾಕ್ಟರಿಗೆ ದಾಟಿಸಿದರು. ದೇವಿಕಾ ಒಂದೇ ಉಸಿರಿನಲ್ಲಿ ಐದೂ ಲಕ್ಷಣ ಒಪ್ಪಿಸಿ, ಕಡೆಗೆ ಅಳುತ್ತಲೇ ಕೇಳಿದಳು:

"ಮೇಡಂ, ನನ್ನ ಮಗಳಿಗಿ ಏನಾರ ಆಗ್ತದೇನ್ರಿ?"

"ಮಗಳಿಗಿ ಮೂರು ಸೂಜಿ ಆಗ್ಯಾವಿಲ್ಲ? ಅಳಬ್ಯಾಡ್ರಿ. ಮೊದಲ ಒಂದು ಹೇಳ್ರಿ. ನಾಯಿ ಹೆಣ್ಣೋ, ಗಂಡೋ?"

ದೇವಿಕಾ ನೋಟುಬುಕ್ಕು ತಿರುವಿದಳು. ಅರವತ್ತೆರಡು ಪುಟ ತುಂಬಿದ್ದವು. ಆಕಳಿಕೆ ಇತ್ತು, ಸೀನು ಇತ್ತು, ಬಾಲ ಅಲ್ಲಾಡಿಸಿದ್ದು ಬೆಳಿಗ್ಗೆ ಸಂಜೆ ಬೇರೆಬೇರೆಯಾಗಿ ಇತ್ತು. ಕೇಳಿದ್ದೊಂದು ಇರಲಿಲ್ಲ.

"ಅದೊಂದು... ನೋಡಿಲ್ರೀ."

ಆ ಕಡೆ ಯಾರೋ ಕೆಮ್ಮಿದರು, ಕಂಪೌಂಡರೇ ಇರಬೇಕು. ಅಷ್ಟರಲ್ಲಿ ಕೆಳಗೆ ಕೊಟ್ಟಿಗೆಯಿಂದ ಎಳೆಯದೊಂದು ಕುಂಯ್ ಎಂಬ ದನಿ ಬಂತು. ಅದು ನಿಲ್ಲುವ ಮೊದಲೇ ಇನ್ನೊಂದು. ಭಾಗ್ಯ ತಾಯಿಯ ಕುತ್ತಿಗೆ ಬಿಟ್ಟು ಕಿವಿ ನಿಮಿರಿಸಿದಳು.

"ಕೇಳ್ತು ನನಗೂ," ಎಂದರು ಡಾಕ್ಟರು. "ಬಾಗಲಾ ತಗದು, ನೀರಿಟ್ಟು, ದೂರ ಸರೀರಿ. ಮಗೀಗಿ ಹತ್ರ ಬಿಡಬ್ಯಾಡ್ರಿ. ನಾಳಿ ಒಂದಿನ ನಿಗಾ ಇರ್ಲಿ, ಉಳಿದ ಸೂಜಿ ತಪ್ಪಸಬ್ಯಾಡ್ರಿ. ಅಲ್ರಿ ಅಕ್ಕೋರೆ, ನೀವೂ ಒಂದು ಹಡದಾಕಿ. ಹಡಿಯೋ ದಿನ ನಿಮಗ ತತ್ತಿ ಸೇರ್ತಿತ್ತೇನು? ಯಾರಾರ ಬಾಗಲದಾಗ ನಿಂತು ಇಣಕಿ ನೋಡಿದ್ರ ಚೊಲೋ ಅನಸ್ತಿತ್ತೇನು?"

ದೇವಿಕಾ ಮೂಗು ಒರೆಸಿಕೊಂಡು, ಸಣ್ಣ ದನಿಯಲ್ಲಿ ಒಪ್ಪಿಕೊಂಡಳು:

"ಇಲ್ರಿ ಮೇಡಂ. ಅವತ್ತು ನಾನೂ ನಮ್ಮ ಮನಿಯವರ ಮ್ಯಾಲ ಗುರ್ ಅಂದಿದ್ದೆ."