ಮ್ಯಾಲಿನ ಕೋಲಿಯ ಎಂ.ಎಸ್.ಡಬ್ಲ್ಯೂ ಹುಡುಗಿ

ಕೋಲಿ ಬಾಡಿಗಿ ಕೊಟ್ಟವರ ಮನ್ಯಾಗ ನಗೋದಕ್ಕ ಬರ ಇರೋದಿಲ್ಲ. ಶಹಾಬಾದದಾಗ ನನ್ನ ಮ್ಯಾಲಿನ ಕೋಲಿಗೆ ವಾಡಿ ಸಿಮೆಂಟ್ ಫ್ಯಾಕ್ಟರಿಯವ ಬಂದ, ರೈಲ್ವೆಯವ ಬಂದ. ಇಬ್ಬರ ಗುಟ್ಟೂ ತಿಂಗಳೊಳಗ ಓಣಿಗೆ ಮುಟ್ಟಿಸಿದೆ. ಆದರ ಈಗ ಸಂಜಿ ಕಟ್ಟಿಮ್ಯಾಲೆ ಕುಂತರ ನೆನಪಾಗೋದು ಚಿಂಚೋಳಿ ಕಡೆಯ ಆ ಹುಡುಗಿ ಒಬ್ಬಾಕೀನೇ. ಕಲಬುರಗಿಯಾಗ ಎಂ.ಎಸ್.ಡಬ್ಲ್ಯೂ ಓದತಿದ್ಲು, ನಮ್ಮೂರ ದವಾಖಾನ್ಯಾಗ ಟ್ರೇನಿಂಗ್.

ಕೇಳೋ ವಿದ್ಯಾ

ಬಂದ ದಿನಾನೇ ಏನು ಕಲೀತಿ ಅಂತ ಕೇಳಿದೆ. ಕುಡುಕರು, ನಿದ್ದಿ ಬರದವರು, ಮನಸ್ಸು ಕೆಟ್ಟವರು, ಇವರ ಬಾಜೂ ಕುಂತು ಅವರ ಮಾತು ಕೇಳೋದಂತ. ಅದಕ್ಕ ಎರಡು ವರ್ಷ ಓದು.

“ಕೇಳಿ ಏನು ಮಾಡ್ತಿ?” ಅಂದೆ.

“ಯಾರಿಗೂ ಹೇಳೋದಿಲ್ಲ, ಆಯಿ. ಹೇಳಿದರ ಟ್ರೇನಿಂಗೇ ರದ್ದು.”

ನನಗಂತೂ ಹೂರಣ ಕಡುಬು ಮಾಡಿ ಯಾರಿಗೂ ನೀಡಬ್ಯಾಡ ಅಂದಂಗಾತು.

ಚೌಕ, ಗುಂಡು

ಒಂದು ದಿನ ದೊಡ್ಡ ಹಾಳಿ ಹಾಸಿಕೊಂಡು ನನ್ನ ಖಾಂದಾನ ಬರದುಕೊಳ್ಳಲಿಕ್ಕೆ ಕುಂತ್ಲು. ಗಂಡಸಾದರ ಚೌಕ, ಹೆಂಗಸಾದರ ಗುಂಡು. ಇಬ್ಬರ ನಡುವ ಜಗಳ ಇದ್ದರ ಸೊಟ್ಟಪಟ್ಟ ಗೆರಿ. ನಾನು ಮೈದುನರಿಂದ ಶುರು ಮಾಡಿದೆ, ನೆಗೆಣ್ಣಿಯರಿಗೆ ಬರೋದರಾಗ ಹಾಳಿ ತುಂಬ ಸೊಟ್ಟಪಟ್ಟ ಗೆರಿ. ಪೆನ್ಸಿಲ್ ಎರಡು ಸಲ ಚೂಪು ಮಾಡಿಕೊಂಡ್ಲು.

“ನಿಮ್ಮ ಕೂಡ ಚೊಲೋ ಇರೋರು ಯಾರೂ ಇಲ್ಲೇನು, ಆಯಿ?”

“ಅದಾರಲ್ಲ. ಎಲ್ಲಾರೂ ಸತ್ತಾರ.”

ಬುದ್ಧಿ ಹೇಳಬಾರದು

ಕೇಳೋರು ಬುದ್ಧಿ ಹೇಳಬಾರದು ಅಂತ ಇನ್ನೊಂದು ಪಾಠ. ಅದಕ್ಕೂ ನಾನೇ ಸಿಕ್ಕೆ. ಮಧ್ಯಾಹ್ನ ಉಂಡು ನಮ್ಮತ್ತಿ ಕಥಿ ತಗದವಳು, ದೀಪ ಹಚ್ಚೋ ಹೊತ್ತಿನ ತನಕ ಹೇಳಿದೆ. ಹುಡುಗಿ ಬರೇ ಗೋಣು ಹಾಕತಿದ್ಲು. ಕಡೀಕ ನನಗ ಸಿಟ್ಟು ಬಂತು. ತಪ್ಪು ನಂದೋ ನಮ್ಮತ್ತಿದೋ, ಒಂದು ಹೇಳು ಅಂದೆ. ನಿಮಗೇನು ಅನಸ್ತದ ಅಂತ ನನ್ನೇ ಕೇಳಿದ್ಲು. ರಾತ್ರೆಲ್ಲ ಹೊರಳಾಡಿದೆ. ನಲವತ್ತು ವರ್ಷದಾಗ ಮೊದಲ ಸಲ, ನಂದೂ ಒಂಚೂರು ತಪ್ಪಿತ್ತೇನೋ ಅನಿಸಿತು.

ಆ ವಾರ ಅಕಿಗೆ ಚಾ ಕೊಡಲಿಲ್ಲ.

ಸರ ಬಂದರು

ನಮ್ಮ ಬಾಜೂಮನಿಯವ ಕಲ್ಲಿನ ಖಣಿಯಾಗ ದುಡಿತಿದ್ದ. ಕುಡೀತಾನ ಅಂತ ಹೆಂಡತಿ ದವಾಖಾನಿಗೆ ಹೋದ್ಲು. ಅವರ ಕೇಸು ನಮ್ಮ ಹುಡುಗಿಗೇ ಬಂತು. ನಾಲ್ಕು ದಿನದಾಗ ಓಣಿಗೆಲ್ಲ ಗೊತ್ತಾತು, ಕುಡದಾಗ ಅಂವ ಹೆಂಡತಿ ಕಾಲು ಹಿಡದು ಅಳತಾನಂತ. ಈ ಹುಡುಗೀನೇ ಬಾಯಿ ಬಿಟ್ಟಾಳ ಅಂತ ಬಾಜೂಮನಿಯಾಕಿ ಕಾಲೇಜಿಗೆ ಫೋನ್ ಮಾಡಿದ್ಲು. ವಿಚಾರಣಿಗೆ ಕಲಬುರಗಿಯಿಂದ ಅಕಿಗೆ ಕಲಿಸೋ ಸರ ಬಂದರು.

ಹುಡುಗಿ ಮುಂಜಾನಿಂದ ಒಂದು ತುತ್ತು ಉಂಡಿದ್ದಿಲ್ಲ. ರೆಕಾರ್ಡ್ ಬುಕ್ ತೊಡಿಮ್ಯಾಲೆ ಇಟ್ಟುಕೊಂಡು ಕಟ್ಟಿಮ್ಯಾಲೆ ಕುಂತಿದ್ಲು. ಓಣಿ ಹೆಂಗಸರೆಲ್ಲ ನೆರದಿದ್ದರು. ನನ್ನ ಹೆಸರು ಹೇಳಿದ್ದರ ಅಕಿ ಪಾರಾಗತಿದ್ಲು, ಹೇಳಲಿಲ್ಲ. ನನಗೇ ತಡಕೊಳ್ಳಲಿಕ್ಕೆ ಆಗಲಿಲ್ಲ.

“ಸರ, ಊರಿಗೆಲ್ಲ ಹಚ್ಚಿದಾಕಿ ನಾನು. ಅವರ ಗೋಡಿ, ನಮ್ಮ ಗೋಡಿ ಒಂದೇ. ಈ ಹುಡುಗಿ ಬಾಯಿಂದ ವರ್ಷದಾಗ ಒಂದು ಮಾತು ಹೊರಡಸಲಿಕ್ಕೆ ನನ್ನ ಕೈಲೆ ಆಗಿಲ್ಲ. ಕಡುಬು ತಿನಿಸಿ ನೋಡೀನಿ.”

ಓಣಿಯಾಗ ನನ್ನ ಮಾನ ಅಲ್ಲಿಗೇ ಹೋತು. ಆದರ ಸರ ನಂಬಲಿಲ್ಲ. ಹುಡುಗೀನ ಉಳಿಸಲಿಕ್ಕೆ ಹೇಳಾಕತ್ತೀರಿ, ಗೋಡಿ ಆಚಿಂದ ಹಂಗೆಲ್ಲ ಗೊತ್ತಾಗೋದಿಲ್ಲ ಅಂತ ಚಾ ಕುಡಕೋತ ನಕ್ಕರು. ನಾನು ಅವರನ್ನ ಮ್ಯಾಲಿಂದ ಕೆಳಗ ಒಂದು ಸಲ ನೋಡಿದೆ.

“ನಿಮ್ಮ ಮನಿಯವರು ಸಿಟ್ಟು ಮಾಡಿ ತವರಿಗೆ ಹೋಗ್ಯಾರಲ್ಲರಿ, ಸರ?”

ಸರ ಕಪ್ಪು ಕೆಳಗಿಟ್ಟರು. “ಯಾರು ಹೇಳಿದರು?”

“ಯಾರೂ ಹೇಳಿಲ್ಲರಿ. ಬಿಳಿ ಅಂಗಿ ಗುಂಡಿ ಕರಿ ದಾರದಾಗ ಹಚ್ಚೀರಿ. ಬರೇ ಊರಿಗೆ ಹೋಗಿದ್ದರ, ಬಿಳಿ ದಾರ ಎಲ್ಲದ ಅಂತ ಫೋನಿನಾಗ ಕೇಳತಿದ್ದಿರಿ.”

ಸರ ರೆಕಾರ್ಡ್ ಬುಕ್ ತಗೊಂಡು ಸಹಿ ಮಾಡಿದರು. ಹುಡುಗಿ ಪಾಸಾದ್ಲು, ಈಗ ಸೇಡಂ ಕಡೆ ನೌಕರಿ ಮಾಡ್ತಾಳ. ಬಾಜೂಮನಿಯಾಕಿ ಮಾತ್ರ ನನ್ನ ಕೂಡ ಆರು ತಿಂಗಳು ಮಾತು ಬಿಟ್ಟಿದ್ಲು, ಬಿಡಬೇಕಾದ್ದೇ.

ಹೋಗೋ ಮುಂದ ಸರ ನನ್ನ ಅತ್ತಾಗ ಕರದು, “ಅಮ್ಮಾರ, ನಮ್ಮನಿ ವಿಷಯ ಯಾರ ಮುಂದೂ ಹೇಳಬ್ಯಾಡ್ರಿ” ಅಂದರು. ಆಣಿ ಮಾಡಿದೆ. ಇವತ್ತಿನ ತನಕ ಯಾರ ಮುಂದೂ ಹೇಳಿಲ್ಲ.

ಬರದೀನಿ, ಅಷ್ಟೇ.