ಮಾಮಾನ ಕಣ್ಣು ಮತ್ತು ಜರ್ಮನಿಯ ಅಜ್ಜ

ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಕೈಯಲ್ಲೇ ಗೋಡೆಯ ಮೇಲಿನ ಜರ್ಮನ್ ಅಜ್ಜನೊಬ್ಬನಿಗೂ ನಮಸ್ಕಾರ ಹಾಕುವವರು ಇಡೀ ಖಾನಾಪುರ ತಾಲೂಕಿನಲ್ಲಿ ಒಬ್ಬರೇ ಇದ್ದಾರೆ. ನನ್ನ ಹಣೆಬರಹ, ಅವರು ನನ್ನ ಸೋದರಮಾವ!

ಆ ಅಜ್ಜ ಮುನ್ನೂರು ವರ್ಷದ ಹಿಂದೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮಹಾ ಸಂಗೀತಗಾರ, ಇಪ್ಪತ್ತು ಮಕ್ಕಳ ತಂದೆ. ತಲೆಯ ಮೇಲೆ ಬಿಳಿ ಸುರುಳಿಗೂದಲಿನ ವಿಗ್. ಬಂದವರೆಲ್ಲ "ನಿಮ್ಮವ್ವಾರ ಫೋಟೋ ಏನ್ರಿ?" ಎನ್ನುತ್ತಾರೆ. ಹೌದೆಂದು ಸುಮ್ಮನಾಗಬಾರದೆ? ಇಲ್ಲ! ಅಜ್ಜನ ಚರಿತ್ರೆ ಮುಗಿಯದೆ ಚಹಾ ಬರುವುದಿಲ್ಲ.

ಮಾಮಾ ಹಾರ್ಮೋನಿಯಂ ರಿಪೇರಿ ಮಾಡುವವರು. ಅದರಲ್ಲೇ ಅವರು ನುಡಿಸುವ ಅಜ್ಜನ ಸಂಗೀತದಲ್ಲಿ ಎಡಗೈಗೆ ಒಂದು ಹಾಡು, ಬಲಗೈಗೆ ಇನ್ನೊಂದು. ಎರಡೂ ಕೈ ಅಲ್ಲಿದ್ದರೆ ಗಾಳಿಗೆ ತಿದಿ ಒತ್ತುವವರು ಯಾರು? ಸಿಕ್ಕವರು! ನನ್ನನ್ನು ನೋಡಲು ಬಂದಿದ್ದ ವರನ ತಂದೆಯನ್ನೇ ಹಿಡಿದು ಕೂರಿಸಿದರು. "ಸಣ್ಣಗ ಹಾಕ್ರಿ ಬೀಗರ, ಇದು ಕುಲುಮಿ ಅಲ್ಲ!" ಆ ಬೀಗರು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ಅದನ್ನೂ ಕ್ಷಮಿಸಿದ್ದೆ. ಆದರೆ ಕಣ್ಣಿನ ವಿಷಯ? ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ. ಶಹರದಲ್ಲಿ, ನೆಹರು ನಗರದ ದವಾಖಾನೆಯಲ್ಲಿ, ಆಪರೇಶನ್ನಿಗೆ ನಾನು ಎರಡು ಸಲ ತಾರೀಖು ಗೊತ್ತು ಮಾಡಿದೆ. ಎರಡು ಸಲವೂ ಮಾಮಾ ಬರಲಿಲ್ಲ. ಮೊನ್ನೆ ಶನಿವಾರ ಅಲ್ಲೇ ಮಹಾಂತೇಶ ನಗರದ ನನ್ನ ಮನೆಗೆ ಬೀಗ ಹಾಕಿ, ಕುದಿಯುತ್ತಲೇ ಖಾನಾಪುರದ ಬಸ್ಸು ಹತ್ತಿದೆ.

"ಅಜ್ಜ ಕಣ್ಣಿನ ಆಪರೇಶನ್ ಮಾಡಿಸ್ಕೊಂಡಿದ್ದವಾ. ಇದ್ದ ದೃಷ್ಟಿನೂ ಹೋತು!" ಎಂದರು ಮಾಮಾ.

"ಮುನ್ನೂರು ವರ್ಷದ ಹಿಂದಿನ ಮಾತು ಈಗ್ಯಾಕ್ರಿ? ಬುದ್ಧಿ ಎಲ್ಲಿ ಇಟ್ಟೀರಿ?"

ಮಾಮಾ ಮೂಗು ತಾಗುವಷ್ಟು ಬಗ್ಗಿ ಅಜ್ಜನ ಸಂಗೀತವನ್ನು ನಮ್ಮ ಸರಿಗಮದಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಸಾಲಿನ ಮೇಲೆ ಸಾಲು ಹತ್ತಿತ್ತು. ಸಿಟ್ಟು ತಡೆಯದೆ ನೋಟ್‌ಬುಕ್ ಕಿತ್ತುಕೊಂಡೆ.

"ಕೊಡವಾ. ಕಣ್ಣ ಇರೂದ್ರಾಗ ಮುಗಸ್ತೀನಿ. ಅಜ್ಜ ಕುರುಡಾದ ಮ್ಯಾಲೆ ಬಾಯಿಲೆ ಹೇಳಿದ, ಅಳಿಯ ಬಾಜು ಕುಂತು ಬರಕೊಂಡ ಅಂತಾರ. ನನಗ ಯಾರ್ ಅದಾರ?"

ಮೈಯೆಲ್ಲ ಉರಿಯಿತು. ಹಾಗಾದರೆ ನಾನು ಯಾವ ಲೆಕ್ಕ? ಆದರೆ ಆ ಸಂಗೀತವನ್ನು ಒಂದು ದಿನವೂ ಪೂರ್ತಿ ಕೂತು ಕೇಳದವಳು ಯಾವ ಬಾಯಿಂದ ಕೇಳಲಿ?

"ನಾ ಸತ್ತೀನೇನ್ರಿ?" ಎಂದು ಚೀರಿಯೇಬಿಟ್ಟೆ. ಪೆನ್ನು ಕಸಿದುಕೊಂಡು ಕೂತೆ. "ಸೋಮವಾರದ ತನಕ ಹೇಳ್ರಿ, ಬರಕೋತೀನಿ. ಮಂಗಳವಾರ ದವಾಖಾನಿ. ಹೂಂ, ಸುರು ಮಾಡ್ರಿ!"

ಮಾಮಾ ನನ್ನ ಮುಖದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಎಷ್ಟು ಕಂಡಿತೋ!

"ಸಾ," ಎಂದರು.

ಬರೆದೆ. ಕಣ್ಣು ತುಂಬಿ ಬಂದು ಆ ಮೊದಲ 'ಸಾ' ನನಗೂ ಕಾಣಲಿಲ್ಲ.